ಸೀಕರಣೆಯ ಲೆಕ್ಕ

ಸೀಕರಣೆ ಎಂಬ ಮಾತು ಸಂಸ್ಕೃತದ ‘ಶಿಖರಿಣಿ’ಯಿಂದ ಬಂದುದೆಂದು, ತರಗತಿಯಲ್ಲಿ ತದ್ಭವಗಳ ಪಾಠ ಬಂದಾಗಲೆಲ್ಲ ನಾನು ಹೇಳುವುದುಂಟು. ಶಿಖರಿಣಿಯೆಂದರೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಸಕ್ಕರೆಯನ್ನೂ ಏಲಕ್ಕಿಯನ್ನೂ ಬೆರಸಿ ಮಾಡಿದ ಭಕ್ಷ್ಯ. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಅದು ಶ್ರೀಖಂಡವೆಂಬ ಹೆಸರಿನಿಂದ ಮೆರೆಯುತ್ತಿದೆ. ಮೈಸೂರು ಸೀಮೆಗೆ ಬರುವ ವೇಳೆಗೆ ಹೇಗೋ ಮೊಸರು ಜಾರಿಹೋಗಿ, ಆ ಸ್ಥಾನದಲ್ಲಿ ಹಣ್ಣೂ ಹಾಲೂ ಬೆಲ್ಲವೂ ಬಂದು ಕುಳಿತವು. ಅದೇ ಹೆಸರಿನ ವೃತ್ತವೊಂದು ಛಂದಸ್ಸಿನಲ್ಲಿಯೂ ಇದೆ: ಪಾದಕ್ಕೆ ಹದಿನೇಳು ಅಕ್ಷರ, ಆರನೆಯದರ ಮೇಲೆ ಯತಿ. ಇಷ್ಟೆಲ್ಲವನ್ನೂ ಬಲ್ಲ ನನಗೆ, ಆ ಸೀಕರಣೆಯ ಒಂದು ಬಟ್ಟಲು ನನ್ನ ರಕ್ತವನ್ನು ಸೇರಿ ಏನು ಮಾಡುತ್ತದೆ, ಎಲ್ಲಿ ಯತಿಯನ್ನಿಡಬೇಕು ಎಂಬುದು ಮಾತ್ರ ನಲವತ್ತುಮೂರು ವರ್ಷ ತುಂಬುವವರೆಗೂ ತಿಳಿದಿರಲಿಲ್ಲ.

೨೦೨೨ರ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಪರಸ್ಥಳಕ್ಕೆ ಹೋಗಿದ್ದಾಗ ಅಕ್ಷರಗಳು ಮಂಜಾಗತೊಡಗಿದವು. ಹುಡುಗರ ಬರವಣಿಗೆಯೇ ಹಾಗೆಂದು ಮೊದಲು ಭಾವಿಸಿದೆ. ಬಾಯಾರಿಕೆಯೂ ಅತಿಯಾದಾಗ ಊರಿಗೆ ಮರಳಿ ವೈದ್ಯರನ್ನು ಕಂಡೆನು. ಬರಿಯ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ೧೬೨ ಇದ್ದಿತು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ೧ಸಿ ಎಂಬ ಪರೀಕ್ಷೆಯಲ್ಲಿ ೭.೮ ಬಂದಿತು. ಮೊದಲನೆಯದು ೧೨೬ನ್ನೂ ಎರಡನೆಯದು ೬.೫ನ್ನೂ ಮುಟ್ಟಿದರೆ ಮಧುಮೇಹವೆಂದೇ ಎಣಿಸುವರು. ನಾನು ಎರಡು ಗಡಿಗಳನ್ನೂ ಸದ್ದಿಲ್ಲದೆ ದಾಟಿ ಬಹುದೂರ ಬಂದುಬಿಟ್ಟಿದ್ದೆ. ಜೊತೆಗಾರರಿಗೇನೂ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ೧೦ ಕೋಟಿಗೂ ಮಿಕ್ಕಿದ್ದಾರೆ.

ಸುದ್ದಿ ಹರಡಿದೊಡನೆ ಉಪದೇಶದ ಹೊಳೆಯೇ ಹರಿಯಿತು. ಹಣ್ಣನ್ನು ಕಣ್ಣಿನಿಂದಲೂ ನೋಡಬೇಡಿರೆಂದರು ಗಣಿತದ ಅಧ್ಯಾಪಕರು. ಹಣ್ಣೊಂದನ್ನೇ ತಿನ್ನಿರಿ, ದೇವರು ಮಾಡಿದ ಸಕ್ಕರೆ ಯಾರಿಗೂ ಕೇಡು ಮಾಡದೆಂದರು ನೆರೆಮನೆಯವರು. ಮೊಸರು ತಂಪು, ಧಾರಾಳವಾಗಿ ಸುರಿದುಕೊಳ್ಳಿ ಎಂದು ಒಬ್ಬರು; ಮೊಸರೇ ಈ ರೋಗದ ಮೂಲವೆಂದು ಚರಕನೇ ಹೇಳಿದ್ದಾನೆಂದು ಸಂಸ್ಕೃತ ವಿಭಾಗದ ಹಿರಿಯರು. ಎಲ್ಲರೂ ಹೇಳಿದ್ದು ಬೇಕು ಅಥವಾ ಬೇಡ ಎಂಬ ಎರಡೇ ಮಾತು. ಎಷ್ಟು, ಹೇಗೆ, ಯಾವುದರೊಡನೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ನನಗೂ ಆಗ ಹಾಗೆ ಕೇಳಬೇಕೆಂದು ತೋರಲಿಲ್ಲ. ನನ್ನ ಮನಸ್ಸು ನಮ್ಮ ತಂದೆಯವರ ಕಡೆಗೆ ಓಡಿತ್ತು.

ನಮ್ಮ ತಂದೆಯವರು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಅವರಿಗೆ ಸಿಹಿಮೂತ್ರವೆಂದು ಗೊತ್ತಾದುದು ೧೯೮೯ರಲ್ಲಿ. ಪೇಟೆಯ ವೈದ್ಯರೊಬ್ಬರು ಗುಳಿಗೆಯ ಚೀಟಿಯನ್ನು ಬರೆದುಕೊಟ್ಟು, “ಸಿಹಿ ಬಿಡಿ ಮೇಷ್ಟ್ರೇ” ಎಂದು ಹೇಳಿ ಕಳುಹಿಸಿದರು. ತಂದೆಯವರು ಮಾತಿಗೆ ತಪ್ಪುವವರಲ್ಲ. ಅಂದಿನಿಂದ ಸಕ್ಕರೆ ಬಿಟ್ಟರು, ಬೆಲ್ಲ ಬಿಟ್ಟರು. ಸಿಹಿಯೆಂದು ನಾಲಗೆ ಹೇಳಿದುದೆಲ್ಲವನ್ನೂ ಬಿಡಬೇಕೆಂದು ಅರ್ಥಮಾಡಿಕೊಂಡು ಹಣ್ಣನ್ನೂ ಬಿಟ್ಟರು. ನಮ್ಮ ಹಿತ್ತಿಲಿನಲ್ಲಿ ಅವರೇ ನೆಟ್ಟ ಒಂದು ಸೀಬೆಯ ಮರವಿತ್ತು. ಅದರ ಹಣ್ಣುಗಳನ್ನು ಕೊಯ್ದು, ಅಂಗಿಯ ಚುಂಗಿನಿಂದ ಒರಸಿ, ಶಾಲೆಯ ಮಕ್ಕಳಿಗೆ ಹಂಚುತ್ತಿದ್ದರು. ತಾವು ಮಾತ್ರ ಒಂದು ಹೋಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಈ ನಡುವೆ ಮೊದಲು ಒಂದು ಕಣ್ಣೂ ಬಳಿಕ ಇನ್ನೊಂದೂ ಮಬ್ಬಾದವು. ಕಾಲು ಜೋಮು ಹಿಡಿಯಿತು. ಕೊನೆಗೆ ಮೂತ್ರಪಿಂಡಗಳು ಸೋತು ೨೦೦೮ರಲ್ಲಿ ತೀರಿಕೊಂಡರು. ಇಷ್ಟೊಂದು ಪಥ್ಯ ಮಾಡಿಯೂ ಹೀಗಾಯಿತಲ್ಲ ಎಂದು ಊರವರು ಮರುಗಿದರು. ನಾವೂ ಅದನ್ನು ಹಣೆಬರಹವೆಂದೇ ತಿಳಿದೆವು.

ಅವರ ಊಟವನ್ನು ಈಗ ನೆನೆದರೆ ಬೇರೆಯ ಸಂಗತಿ ಕಣ್ಣಿಗೆ ಕಟ್ಟುತ್ತದೆ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಸಾರನ್ನ ಹುಳಿಯನ್ನ, ರಾತ್ರಿ ದೊಡ್ಡ ಗುಡ್ಡೆ ಅನ್ನಕ್ಕೆ ತೆಳುವಾದ ಮಜ್ಜಿಗೆ. ಅನ್ನ ಸಿಹಿಯಲ್ಲವಷ್ಟೆ! ಬೇಯಿಸಿದ ಅನ್ನ ೧೦೦ ಗ್ರಾಮಿನಲ್ಲಿ ಸುಮಾರು ೨೮ ಗ್ರಾಮು ಪಿಷ್ಟವಿರುತ್ತದೆ. ಜೀರ್ಣವಾಗುವಾಗ ಅದು ಗ್ಲುಕೋಸಾಗಿ ಒಡೆದು ರಕ್ತವನ್ನು ಸೇರುತ್ತದೆ. ಹೊತ್ತಿಗೆ ಮುನ್ನೂರು ಗ್ರಾಮು ಅನ್ನವೆಂದರೂ ೮೪ ಗ್ರಾಮಾಯಿತು. ೧೦೦ ಗ್ರಾಮು ತೂಗುವ ಒಂದು ಸೀಬೆಯಲ್ಲಿ ಶರ್ಕರಪಿಷ್ಟ ಒಟ್ಟು ೧೪ ಗ್ರಾಮಿನಷ್ಟು. ಅದರಲ್ಲಿಯೂ ಐದು ಗ್ರಾಮು ನಾರು, ರಕ್ತಕ್ಕೆ ಸೇರದೆ ಹಾಗೆಯೇ ಹೋಗತಕ್ಕದ್ದು. ಅಂದರೆ ನಮ್ಮ ತಂದೆಯವರು ಒಂದು ಹಣ್ಣಿಗೆ ಹೆದರಿ ಹೊತ್ತೊಂದಕ್ಕೆ ಒಂಬತ್ತು ಹಣ್ಣುಗಳಷ್ಟು ಸಕ್ಕರೆಯನ್ನು, ಅದು ಸಕ್ಕರೆಯೆಂದು ತಿಳಿಯದೆಯೇ, ಉಣ್ಣುತ್ತಿದ್ದರು. ಪಥ್ಯದಲ್ಲಿ ಅವರು ತೋರಿದ ನಿಷ್ಠೆಯಲ್ಲಿ ಕಾಲುಭಾಗವನ್ನು ಅನ್ನದ ಕಡೆಗೆ ತಿರುಗಿಸಿದ್ದರೂ ಸಾಕಿತ್ತು.

ನಾಲಗೆಯ ಸಾಕ್ಷಿಯನ್ನು ನಂಬಬಾರದೆಂಬುದು ವಿಜ್ಞಾನಕ್ಕೂ ತಡವಾಗಿಯೇ ಹೊಳೆದ ವಿಚಾರ. ಇನ್ಸುಲಿನ್ನನ್ನು ೧೯೨೧ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಕಂಡುಹಿಡಿದುದು ಕೆನಡಾದ ಟೊರಾಂಟೋ ನಗರದಲ್ಲಿ. ಅದೇ ನಗರದ ವಿಶ್ವವಿದ್ಯಾಲಯದಲ್ಲಿ ಅರವತ್ತು ವರ್ಷಗಳ ತರುವಾಯ, ೧೯೮೧ರಲ್ಲಿ, ಡೇವಿಡ್ ಜೆಂಕಿನ್ಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಒಂದೊಂದು ತಿನಿಸೂ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆದು ಪಟ್ಟಿಮಾಡಿದರು. ಶುದ್ಧ ಗ್ಲುಕೋಸಿಗೆ ನೂರು ಅಂಕವೆಂದಿಟ್ಟುಕೊಂಡು ಮಿಕ್ಕವಕ್ಕೆ ಅಂಕ ಹಾಕಿದ ಈ ಪದ್ಧತಿಗೆ ಗ್ಲೈಸೀಮಿಕ್ ಇಂಡೆಕ್ಸ್ ಎಂದು ಹೆಸರು. ಸೇಬಿಗೆ ಮೂವತ್ತೆಂಟರ ಸುಮಾರು, ಕಿತ್ತಳೆಗೆ ನಲವತ್ತಮೂರರ ಸುಮಾರು, ಮಾವಿಗೂ ಬಾಳೆಗೂ ಐವತ್ತರ ಆಸುಪಾಸು. ಬಿಳಿಯ ಅನ್ನಕ್ಕೆ ತಳಿಯನ್ನನುಸರಿಸಿ ಹೆಚ್ಚುಕಡಿಮೆಯಾದರೂ ಎಪ್ಪತ್ತರ ಬಳಿ. ಹಣ್ಣುಗಳು ಇಲ್ಲಿ ನಿರಪರಾಧಿಗಳಂತೆ ಹೊರಬಂದವು. ಕಲ್ಲಂಗಡಿ ಮಾತ್ರ ಎಪ್ಪತ್ತನ್ನು ಮೀರಿ ಅಪರಾಧಿಯಾಯಿತು. ಆದರೆ ಕಲ್ಲಂಗಡಿಯೆಂದರೆ ಬಹುಮಟ್ಟಿಗೆ ನೀರು. ೧೦೦ ಗ್ರಾಮಿನಲ್ಲಿ ಶರ್ಕರ ಏಳೆಂಟು ಗ್ರಾಮು ಮಾತ್ರ. ಆದುದರಿಂದ ವೇಗವನ್ನು ನೋಡಿದರೆ ಸಾಲದು, ತಿಂದ ಪ್ರಮಾಣವನ್ನೂ ಸೇರಿಸಿ ಗುಣಿಸಬೇಕೆಂದು ಅಮೆರಿಕದ ಹಾರ್ವರ್ಡಿನವರು ೧೯೯೭ರಲ್ಲಿ ತಿದ್ದುಪಡಿ ಸೂಚಿಸಿದರು. ಉಪಪ್ರಾಚಾರ್ಯರ ಕೊಠಡಿಯಲ್ಲಿ ಇದನ್ನು ನಾನು ವಿವರಿಸುತ್ತಿದ್ದಾಗ ಸಹೋದ್ಯೋಗಿಯೊಬ್ಬರು, “ನಂಜನಗೂಡಿನ ರಸಬಾಳೆಗೆ ಆಗಲೇ ಜಿ.ಐ. ಕೊಟ್ಟಿದ್ದಾರಲ್ಲ ಸಾರ್, ಧಾರಾಳವಾಗಿ ತಿನ್ನಬಹುದು” ಎಂದರು. ಅವರು ಹೇಳಿದ್ದು ಭೌಗೋಳಿಕ ಗುರುತಿನ ಜಿ.ಐ.! ಒಂದೇ ಎರಡಕ್ಷರಗಳ ಶ್ಲೇಷೆಯಿಂದ ಎಷ್ಟು ಮಂದಿ ಮಧುಮೇಹಿಗಳು ಮೋಸಹೋಗಿರುವರೋ.

ಬಾಳೆಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಕಾಯಿಯಾಗಿದ್ದಾಗ ಅದರಲ್ಲಿ ಪಿಷ್ಟವೇ ಹೆಚ್ಚು. ಅದರ ಒಂದಂಶ ಸುಲಭವಾಗಿ ಜೀರ್ಣವಾಗದಂಥದು. ಹಣ್ಣಾಗುತ್ತ ಹೋದಂತೆ ಪಿಷ್ಟ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಮೂಡುವ ವೇಳೆಗೆ ನಮಗೆ ರುಚಿ ಹೆಚ್ಚು, ರಕ್ತಕ್ಕೆ ಹೊರೆಯೂ ಬೇಗ. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಮೂವತ್ತು ಗ್ರಾಮಿನಷ್ಟು ಶರ್ಕರಪಿಷ್ಟವಿದ್ದೀತು. ಗಿಡ್ಡನೆಯ ಏಲಕ್ಕಿಬಾಳೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಇಂಥಲ್ಲಿ “ಒಂದು ಬಾಳೆಹಣ್ಣು ತಿನ್ನಬಹುದೇ?” ಎಂಬ ಪ್ರಶ್ನೆಗೆ ಯಾವ ವೈದ್ಯನಾದರೂ ಏನು ಉತ್ತರ ಕೊಟ್ಟಾನು? ಹಲಸು, ಸೀತಾಫಲ, ಸಪೋಟಗಳು ೧೦೦ ಗ್ರಾಮಿಗೆ ಇಪ್ಪತ್ತು ಗ್ರಾಮನ್ನು ಮುಟ್ಟುವ ಅಥವಾ ಮೀರುವ ಹಣ್ಣುಗಳು. ಪರಂಗಿ ಹನ್ನೊಂದರಲ್ಲಿಯೇ ನಿಲ್ಲುತ್ತದೆ. ಒಣಗಿಸಿದ ಖರ್ಜೂರವಾದರೋ ಮುಕ್ಕಾಲು ಪಾಲು ಸಕ್ಕರೆಯೇ.

ಹಣ್ಣು ಹಣ್ಣಾಗಿರುವವರೆಗೆ ಈ ಲೆಕ್ಕ. ಹಿಂಡಿದೊಡನೆ ಕಥೆ ಬೇರೆಯಾಗುತ್ತದೆ. ಇಡಿಯ ಹಣ್ಣಿನಲ್ಲಿ ಸಕ್ಕರೆಯು ನಾರಿನ ಗೂಡುಗಳಲ್ಲಿ ಅಡಗಿರುತ್ತದೆ. ಅಗಿಯಬೇಕು, ನುಂಗಬೇಕು, ಹೊಟ್ಟೆಯಲ್ಲಿ ಅದು ಬಿಡಿಸಿಕೊಳ್ಳಬೇಕು. ಅಷ್ಟರಲ್ಲಿ ಹೊಟ್ಟೆಯೂ ಸಾಕೆನ್ನುತ್ತದೆ. ರಸವಾದರೆ ಮೂರು ನಾಲ್ಕು ಕಿತ್ತಳೆಗಳು ಒಂದು ಲೋಟದಲ್ಲಿ ಇಳಿದು, ಒಂದು ನಿಮಿಷದಲ್ಲಿ ಗಂಟಲನ್ನು ದಾಟಿಬಿಡುತ್ತವೆ. ನಾಲ್ಕು ಕಿತ್ತಳೆಗಳನ್ನು ಸುಲಿದು ಕೂತು ತಿನ್ನುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅಮೆರಿಕದಲ್ಲಿ ಒಂದು ಲಕ್ಷದ ಎಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಅನುಸರಿಸಿ ನಡೆಸಿದ ಅಧ್ಯಯನವೊಂದು ೨೦೧೩ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾಯಿತು. ಸೇಬು, ದ್ರಾಕ್ಷಿ, ಬ್ಲೂಬೆರಿಗಳಂಥ ಇಡಿಯ ಹಣ್ಣುಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಮಧುಮೇಹ ಕಡಿಮೆಯೆಂದೂ, ಹಣ್ಣಿನ ರಸವನ್ನು ಹೆಚ್ಚಾಗಿ ಕುಡಿಯುವವರಲ್ಲಿ ಸ್ವಲ್ಪ ಹೆಚ್ಚೆಂದೂ ಅದರಲ್ಲಿ ಕಂಡುಬಂದಿತು. ಇಂಥ ಅಧ್ಯಯನಗಳು ಕಾರಣವನ್ನು ಸಿದ್ಧಪಡಿಸುವುದಿಲ್ಲ, ಜೊತೆಗಾರಿಕೆಯನ್ನು ತೋರಿಸುತ್ತವೆ ಅಷ್ಟೆ. ಆದರೂ ನಮ್ಮ ಸೀಕರಣೆ ಇದರಲ್ಲಿ ಯಾವ ಪಕ್ಷಕ್ಕೆ ಸೇರಿತೆಂದು ಬೇರೆ ಹೇಳಬೇಕಾಗಿಲ್ಲ. ಮಾವನ್ನು ಹಿಚುಕಿ, ಹಾಲು ಸುರಿದು, ಮೇಲೆ ಬೆಲ್ಲವನ್ನೂ ಬೆರಸಿ, ನಂಚಿಕೊಳ್ಳಲು ಪೂರಿಯನ್ನೂ ಕೊಟ್ಟರೆ, ಮಾವಿನ ಮೇಲೆ ಮಾತ್ರ ಅಪವಾದ ಹೊರಿಸುವುದು ಅನ್ಯಾಯ.

ಇನ್ನು ಮೊಸರು. ಸಂಸ್ಕೃತ ವಿಭಾಗದ ಹಿರಿಯರ ಮಾತು ಸುಳ್ಳಲ್ಲವೆಂದು ಚರಕಸಂಹಿತೆಯನ್ನು ತೆರೆದು ನೋಡಿದಾಗ ಗೊತ್ತಾಯಿತು. ಪ್ರಮೇಹಕ್ಕೆ ಕಾರಣಗಳನ್ನು ಹೇಳುವ ಕಡೆ ಮೊಸರು ನಿಜವಾಗಿಯೂ ಇದೆ. ಆದರೆ ಆ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಕುಳಿತಿರುವ ಸುಖ, ಆಮೇಲೆ ನಿದ್ರೆಯ ಸುಖ. ಮೊಸರಿನ ಬಳಿಕ ಮಾಂಸರಸಗಳು, ಹಾಲು, ಹೊಸ ಧಾನ್ಯದ ಅನ್ನ, ಬೆಲ್ಲದ ತಿನಿಸುಗಳು. ಕಫವನ್ನು ಹೆಚ್ಚಿಸುವ ಎಲ್ಲವೂ ಎಂದು ಮುಗಿಯುತ್ತದೆ. ಹಣ್ಣನ್ನು ಹೆಸರಿಸಿ ಹೇಳಿಲ್ಲ, ಅನ್ನವನ್ನು ಹೇಳಿದೆ. ನಮ್ಮ ಹಿರಿಯರು ಮೊಸರನ್ನು ಮಾತ್ರ ಹಿಡಿದು, ದಿನವೆಲ್ಲ ಕುರ್ಚಿಯಲ್ಲಿ ಕುಳಿತಿರುವ ಸುಖವನ್ನು ಮರೆತಿದ್ದರು. ನಾನೂ ಕುರ್ಚಿಯವನೇ ಆದುದರಿಂದ ಅವರಿಗೆ ಅದನ್ನು ನೆನಪಿಸಲಿಲ್ಲ.

ಇತ್ತ ಪಶ್ಚಿಮದಲ್ಲಿ ಮೊಸರಿಗೆ ಬೇರೆಯ ಯೋಗ. ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣ ೧೯೦೫ರಲ್ಲಿ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದನ್ನು ಹೆಪ್ಪುಗಟ್ಟಿಸುವ ಜೀವಾಣುವನ್ನು ಗುರುತಿಸಿದನು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ, ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮೆಚ್ನಿಕಾಫ್ ಮಹಾಶಯರು ಮೊಸರು ಆಯುಷ್ಯವನ್ನು ವೃದ್ಧಿಪಡಿಸುವುದೆಂದು ಸಾರಿ, ತಾವೂ ತಪ್ಪದೆ ಸೇವಿಸುತ್ತಿದ್ದರು; ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ತೀರ ಈಚೆಗೆ, ೨೦೨೪ರ ಮಾರ್ಚಿಯಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವಾರಕ್ಕೆ ಎರಡು ಬಟ್ಟಲು ಮೊಸರು ಎರಡನೆಯ ಬಗೆಯ ಮಧುಮೇಹದ ಸಂಭವವನ್ನು ಕಡಿಮೆಮಾಡಬಹುದೆಂದು ಡಬ್ಬಿಯ ಮೇಲೆ ಮುದ್ರಿಸಲು ಒಪ್ಪಿತು. ಜೊತೆಗೆ, ಇದಕ್ಕಿರುವ ಆಧಾರ ಪರಿಮಿತವಾದುದೆಂಬ ಮಾತನ್ನೂ ಮುದ್ರಿಸಬೇಕೆಂದು ಕಟ್ಟುಮಾಡಿತು. ಹಾಗೆ ಕೇಳಿಕೊಂಡು ಅರ್ಜಿ ಹಾಕಿದುದು ಮೊಸರು ಮಾರುವ ಕಂಪನಿಯೇ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಆಯುಷ್ಯದ ಮಾತು ಹಾಗಿರಲಿ. ಮನೆಯ ಮೊಸರಿನಲ್ಲಿರುವುದೇನು? ೧೦೦ ಗ್ರಾಮಿಗೆ ಐದು ಗ್ರಾಮಿನೊಳಗೆ ಹಾಲಿನ ಸಕ್ಕರೆ, ಮೂರೂವರೆ ಗ್ರಾಮಿನಷ್ಟು ಸಸಾರಜನಕ, ಒಂದಿಷ್ಟು ಜಿಡ್ಡು. ಹೆಪ್ಪಾಗುವಾಗ ಜೀವಾಣುಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ತಾವೇ ತಿಂದು ಹುಳಿಯಾಗಿಸುತ್ತವೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಸಸಾರಜನಕ ಎರಡು ಮೂರರಷ್ಟಾಗುತ್ತದೆ. ಈ ಸಸಾರಜನಕವೂ ಜಿಡ್ಡೂ ಹೊಟ್ಟೆಯಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಗೊಳಿಸುತ್ತವೆ. ಜೊತೆಯಲ್ಲಿ ತಿಂದ ಹಣ್ಣಿನ ಸಕ್ಕರೆ ಒಮ್ಮೆಗೇ ನುಗ್ಗದೆ ಸಾಲಿನಲ್ಲಿ ಬರುತ್ತದೆ. ಹಣ್ಣೂ ಮೊಸರೂ ಒಳ್ಳೆಯ ಜೋಡಿಯೆನ್ನುವುದು ಇದಕ್ಕಾಗಿ. ಬಾಳೆಹಣ್ಣಿಗೂ ಮೊಸರಿಗೂ ವಿರೋಧವೆಂದು ಆಯುರ್ವೇದದಲ್ಲಿ ಹೇಳಿಕೆಯಿದೆ. ಅದನ್ನು ನಂಬುವವರು ಸೀಬೆಯನ್ನೋ ಪರಂಗಿಯನ್ನೋ ಹಾಕಿಕೊಳ್ಳಲಿ, ಜಗಳವೇಕೆ? ಆದರೆ ಅಂಗಡಿಯಲ್ಲಿ ಬಣ್ಣದ ಚಿತ್ರಗಳ ಪುಟ್ಟ ಡಬ್ಬಿಗಳಲ್ಲಿ ದೊರೆಯುವ ‘ಹಣ್ಣಿನ ಮೊಸರು’ ಇದಲ್ಲ. ಅದರ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದುದನ್ನು ಓದಿದರೆ ಮೇಲೆ ಸೇರಿಸಿದ ಸಕ್ಕರೆ ಕಾಣುತ್ತದೆ. ನಮ್ಮ ಮೂಲ ಶಿಖರಿಣಿಯೂ ಈ ದೃಷ್ಟಿಯಿಂದ ಮೊಸರಿನ ವೇಷದ ಸಕ್ಕರೆಯೇ ಸರಿ.

ಓದಿದುದನ್ನು ನನ್ನ ಮೈಮೇಲೆಯೇ ಪರೀಕ್ಷಿಸಿ ನೋಡೋಣವೆಂದು ಗ್ಲುಕೋಮೀಟರೊಂದನ್ನು ಕೊಂಡು ತಂದೆನು. ಬೆರಳನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಅಂಕಿ ಮೂಡುತ್ತದೆ. ಊಟವಾದ ಒಂದೆರಡು ಗಂಟೆಗೆ ೧೮೦ರ ಒಳಗಿದ್ದರೆ ನನ್ನಂಥವನಿಗೆ ಸಾಕೆಂದು ವೈದ್ಯರು ಹೇಳಿದ್ದರು. ಮೇ ತಿಂಗಳ ಒಂದು ಭಾನುವಾರ, ಅಮ್ಮ ಮಾಡಿದ ಬಾದಾಮಿ ಮಾವಿನ ಸೀಕರಣೆಯನ್ನು ನಾಲ್ಕು ಪೂರಿಗಳೊಡನೆ ಉಂಡು ನೋಡಿದೆ: ೨೪೪. ಮುಂದಿನ ಭಾನುವಾರ ಅದೇ ಮಾವಿನ ಅರ್ಧವನ್ನು ಹೋಳುಮಾಡಿ, ಸಪ್ಪೆಯ ಗಟ್ಟಿ ಮೊಸರು ಒಂದು ಬಟ್ಟಲಿನೊಡನೆ, ಒಂದು ಹಿಡಿ ಕಡಲೆಕಾಯಿ ಬೀಜ ಉದುರಿಸಿಕೊಂಡು ತಿಂದೆ: ೧೪೬. ಸೀಬೆಯನ್ನು ಹಾಗೆಯೇ ತಿಂದಾಗ ೧೩೧. ಅದೇ ಮೊಸರನ್ನು ರಾತ್ರಿ ತಟ್ಟೆ ತುಂಬ ಅನ್ನಕ್ಕೆ ಕಲಸಿಕೊಂಡಾಗ ೨೧೮. ಇದು ಒಬ್ಬನ ಮೈಯ ಲೆಕ್ಕ, ಇನ್ನೊಬ್ಬರಿಗೆ ಬೇರೆಯಾದೀತು. ಆದರೆ ಆ ನಾಲ್ಕು ಅಂಕಿಗಳನ್ನು ನೋಡಿದಾಗ ನನ್ನ ಮೂವತ್ತು ವರ್ಷಗಳ ನಂಬಿಕೆ ಕುಸಿಯಿತು. ನಮ್ಮ ತಂದೆಯವರ ಕಾಲದಲ್ಲಿ ಹಳ್ಳಿಯಲ್ಲಿ ಇಂಥ ಸಲಕರಣೆ ಎಲ್ಲಿತ್ತು? ಆರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಪರೀಕ್ಷಿಸಿಕೊಂಡು ಬರುತ್ತಿದ್ದರು.

ಉಣ್ಣುವ ಕ್ರಮವೂ ಮುಖ್ಯವೆಂದು ಆಮೇಲೆ ತಿಳಿಯಿತು. ತರಕಾರಿಯನ್ನೂ ಸಸಾರಜನಕವನ್ನೂ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಸಕ್ಕರೆಯ ಏರಿಕೆ ಗಣನೀಯವಾಗಿ ತಗ್ಗುವುದೆಂದು ನ್ಯೂಯಾರ್ಕಿನಲ್ಲಿ ೨೦೧೫ರಲ್ಲಿ ಕೇವಲ ಹನ್ನೊಂದು ಮಂದಿಯ ಮೇಲೆ ಪ್ರಯೋಗಮಾಡಿ ತೋರಿಸಿದರು. ನಮ್ಮ ಬಾಳೆಲೆಯ ಮೇಲೆ ಮೊದಲು ಬೀಳುವುದು ಕೋಸಂಬರಿ, ಪಲ್ಯ! ನೆನೆದ ಹೆಸರುಬೇಳೆ, ಸೌತೆಕಾಯಿ. ಬಡಿಸುವವರು ಜಾಣರು, ಉಣ್ಣುವ ನಾವು ಅದನ್ನು ಒತ್ತಟ್ಟಿಗೆ ತಳ್ಳಿ ಅನ್ನಕ್ಕೆ ಕಾಯುತ್ತ ಕೂಡುತ್ತೇವೆ.

ಒಂದೆರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೂ ಕೆಲವು ಬಗೆಯ ಗುಳಿಗೆಗಳನ್ನು ನುಂಗುವವರಿಗೂ ಸಕ್ಕರೆ ಏಕಾಏಕಿ ೭೦ರ ಕೆಳಕ್ಕೆ ಇಳಿಯುವುದುಂಟು. ಬೆವರು, ನಡುಕ, ಕಣ್ಣುಕತ್ತಲೆ. ಆ ಗಳಿಗೆಯಲ್ಲಿ ಮೊಸರೂ ಸೀಬೆಯೂ ಕೆಲಸಕ್ಕೆ ಬಾರವು. ಇಷ್ಟುಹೊತ್ತು ನಾನು ದೂರಿದ ಹಣ್ಣಿನ ರಸವೇ, ಅರ್ಧ ಲೋಟ, ಪ್ರಾಣ ಕಾಯುವ ಔಷಧಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಮೂತ್ರಪಿಂಡಗಳು ಸೊರಗಿದವರಿಗೆ ಬಾಳೆ, ಕಿತ್ತಳೆಗಳಲ್ಲಿರುವ ಪೊಟಾಸಿಯಂ ಅಪಾಯಕರವಾಗಬಹುದಾದುದರಿಂದ ಅವರು ತಮ್ಮ ವೈದ್ಯರನ್ನು ಕೇಳದೆ ಹಣ್ಣಿಗೆ ಕೈ ಹಾಕಬಾರದು. ಗುಳಿಗೆಯನ್ನು ಬಿಟ್ಟು ನೇರಳೆಬೀಜದ ಪುಡಿಯನ್ನು ನಂಬಿದವರನ್ನು ನಾನು ಬಲ್ಲೆ. ಅವರ ಕಥೆಯನ್ನು ಇಲ್ಲಿ ಬೆಳಸುವುದಿಲ್ಲ.

ಈ ಅಂಕಿಗಳನ್ನೆಲ್ಲ ಒಂದು ಸಂಜೆ ಅಮ್ಮನ ಮುಂದೆ ಓದಿ ಹೇಳಿದೆನು. ಅವಳಿಗೆ ಈಗ ಎಪ್ಪತ್ತೈದು. ಸೀಕರಣೆಗೆ ೨೪೪ ಎಂದಾಗ ಮುಖ ಸಣ್ಣದು ಮಾಡಿಕೊಂಡಳು. ಸೀಬೆಗೆ ೧೩೧ ಎಂದಾಗ ಕೈಯಲ್ಲಿದ್ದ ಹೂಬತ್ತಿಯನ್ನು ಹೊಸೆಯುವುದನ್ನು ನಿಲ್ಲಿಸಿ, “ಇನ್ನೊಂದು ಸಲ ಹೇಳು” ಎಂದಳು. ಹೇಳಿದೆ. “ಅನ್ನಕ್ಕಿಂತ ಕಡಿಮೆಯೇನೋ?”

“ಹೌದಮ್ಮ. ಬಹಳ ಕಡಿಮೆ.”

“ಇದನ್ನು ಅವರಿಗೆ ಯಾರೂ ಹೇಳಲಿಲ್ಲವಲ್ಲೋ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅನ್ನ ಬಡಿಸಿದವಳು ನಾನೇ. ಹಣ್ಣನ್ನೂ ಬಿಟ್ಟಿದ್ದಾರೆ, ಪಾಪ, ಹೊಟ್ಟೆತುಂಬ ಅನ್ನವಾದರೂ ಉಣ್ಣಲಿ ಎಂದು ಇನ್ನೊಂದು ಸೌಟು ಹೆಚ್ಚಾಗಿಯೇ ಬಡಿಸುತ್ತಿದ್ದೆ” ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲವೆಂದು ಹೇಳಿಬಿಡಬಹುದಾಗಿತ್ತು. ಆದರೆ ಜೆಂಕಿನ್ಸರ ಪಟ್ಟಿ ಅಚ್ಚಾಗಿ ಆಗಲೇ ಎಂಟು ವರ್ಷಗಳಾಗಿದ್ದವು. ಅದು ನಮ್ಮೂರಿನ ಬಸ್ಸನ್ನು ಹತ್ತಿರಲಿಲ್ಲ, ಅಷ್ಟೆ.

ನನ್ನ ಎಚ್‌ಬಿಎ೧ಸಿ ಈಗ ೬.೬ರಲ್ಲಿದೆ. ಗುಳಿಗೆ ನಡೆಯುತ್ತಿದೆ, ಸಂಜೆ ಮುಕ್ಕಾಲು ಗಂಟೆ ನಡಿಗೆಯೂ ಉಂಟು. ಯಶಸ್ಸೆಲ್ಲ ಹಣ್ಣು ಮೊಸರಿನದೇ ಎಂದು ನಾನು ಹೇಳಲಾರೆ. ಮಾವಿನ ಕಾಲದಲ್ಲಿ ಅಮ್ಮ ಬೆಲ್ಲವಿಲ್ಲದೆ, ಹಾಲಿನ ಬದಲು ಗಟ್ಟಿ ಮೊಸರಿಗೆ ಮಾವಿನ ಹೋಳುಗಳನ್ನು ಹಾಕಿ ಒಂದು ಸಣ್ಣ ಬಟ್ಟಲು ಕೊಡುತ್ತಾಳೆ. ಅದಕ್ಕೂ ಅವಳು ಸೀಕರಣೆಯೆಂದೇ ಹೆಸರಿಟ್ಟಿದ್ದಾಳೆ. ಜಾರಿಹೋಗಿದ್ದ ಮೊಸರು ಮರಳಿ ಬಂದಿದೆಯಾಗಿ ವ್ಯುತ್ಪತ್ತಿಯ ದೃಷ್ಟಿಯಿಂದ ನಾನು ಆಕ್ಷೇಪಿಸುವಂತಿಲ್ಲ.

ತಂದೆಯವರ ತಿಥಿಗೆ ಅವರಿಗೆ ಪ್ರಿಯವಾದುದನ್ನು ಎಡೆಯಿಡುವುದು ನಮ್ಮಲ್ಲಿ ವಾಡಿಕೆ. ಈವರೆಗೆ ಪ್ರತಿವರ್ಷವೂ ವಡೆ, ಗಸಗಸೆ ಪಾಯಸ ಇರುತ್ತಿದ್ದವು. ಬದುಕಿದ್ದಾಗ ಬಿಟ್ಟದ್ದೆಂದು ಸೀಬೆಯನ್ನು ಮಾತ್ರ ಅಮ್ಮ ಇಡುತ್ತಿರಲಿಲ್ಲ. ಈ ವರ್ಷ ಅವಳೇ ಬೆಳಗ್ಗೆ ಹಿತ್ತಿಲಿಗೆ ಹೋಗಿ ಕೈಗೆಟುಕಿದ ಎರಡು ಹಣ್ಣುಗಳನ್ನು ಕೊಯ್ದು, ಸೆರಗಿನಿಂದ ಒರಸಿ, ನಾಲ್ಕು ಹೋಳುಮಾಡಿ ಎಲೆಯ ತುದಿಯಲ್ಲಿ ಇಟ್ಟಳು. ಅನ್ನವನ್ನು ಒಂದೇ ಸೌಟು ಬಡಿಸಿದಳು.